ಗೋರಿ ಕಾಯುವವರು, ಅಸ್ಥಿ ಕೇಳುವವರು: ಟೆಕ್ಸಸ್‌ನ ಪಾರ್ಕರ್ ಮನೆತನದ ಸಮಾಧಿನೆಲಗಳು ಮತ್ತು ಸಿಂಥಿಯಾ ಆನ್ ಪಾರ್ಕರ್

ಅಮೆರಿಕದ ಟೆಕ್ಸಸ್ ರಾಜ್ಯದ ಗ್ರೋಸ್‌ಬೆಕ್ ಪಟ್ಟಣದ ಸಮೀಪ ಫೋರ್ಟ್ ಪಾರ್ಕರ್ ಸ್ಮಾರಕ ಸ್ಮಶಾನವಿದೆ. ಅಲ್ಲಿನ ಒಂದೇ ಗೋರಿಯಲ್ಲಿ ಐವರ ಅಸ್ಥಿಗಳಿವೆ: ಹಿರಿಯ ಜಾನ್ ಪಾರ್ಕರ್, ಅವನ ಮಕ್ಕಳಾದ ಸೈಲಸ್ ಮತ್ತು ಬೆಂಜಮಿನ್, ಇವರೊಂದಿಗೆ ಕೋಟೆಯಲ್ಲಿದ್ದ ಸ್ಯಾಮ್ಯುಯೆಲ್ ಫ್ರಾಸ್ಟ್ ಮತ್ತು ರಾಬರ್ಟ್ ಫ್ರಾಸ್ಟ್. 1836ರ ಮೇ 19ರಂದು ಕೊಮಾಂಚಿಗಳೂ ಅವರ ಜೊತೆಗಾರ ಬುಡಕಟ್ಟುಗಳೂ ಕೋಟೆಯ ಮೇಲೆ ಬಿದ್ದಾಗ ಸತ್ತವರು ಇವರು. ಅದೇ ದಿನ ಐವರನ್ನು ಸೆರೆಹಿಡಿದು ಒಯ್ದರು. ಅವರಲ್ಲಿ ಒಬ್ಬಳು ಸೈಲಸ್‌ನ ಮಗಳು ಸಿಂಥಿಯಾ ಆನ್, ಆಗ ಸುಮಾರು ಒಂಬತ್ತು ವರ್ಷದವಳು. ತಂದೆಯ ಹೆಸರು ಸ್ಮಾರಕದ ಮೇಲೇರಿತು. ಮಗಳು ಸತ್ತ ಮೇಲೆ ಸುಮಾರು ನಾಲ್ಕು ದಶಕ ಬೇರೊಂದು ಕೌಂಟಿಯ, ಬೇರೆ ಹೆಸರಿನ ಸ್ಮಶಾನದಲ್ಲಿದ್ದಳು.

ಅಮೆರಿಕದ ಗಡಿನಾಡಿನ ಇತಿಹಾಸದಲ್ಲಿ ಸಿಂಥಿಯಾ ಆನ್‌ಳ ಸೆರೆಯ ಕಥೆಯನ್ನು ಹೇಳದವರಿಲ್ಲ. 1954ರ ಅಲನ್ ಲೆಮೇ ಕಾದಂಬರಿಯೂ ಅದನ್ನಾಧರಿಸಿದ ಜಾನ್ ಫೋರ್ಡ್‌ನ 1956ರ ಚಲನಚಿತ್ರವೂ ಈ ಘಟನೆಯಿಂದ ಪ್ರೇರಣೆ ಪಡೆದವು. ಚಲನಚಿತ್ರ ಹುಡುಗಿಯನ್ನು ಮನೆಗೆ ಕರೆತಂದಲ್ಲಿಗೆ ಮುಗಿಯುತ್ತದೆ. ಈ ಲೇಖನಕ್ಕೆ ಬೇಕಿರುವುದು ಆಮೇಲಿನ ಭಾಗ: ಮನೆಗೆ ತಂದವಳನ್ನು ಎಲ್ಲಿ ಹೂಳಿದರು, ಆ ಜಾಗ ಹೇಗೆ ಮರೆವಿಗೆ ಸರಿಯಿತು, ಅಸ್ಥಿಯನ್ನು ಯಾರು ಯಾವ ಹಕ್ಕಿನಿಂದ ಕೇಳಿ ಪಡೆದರು. ನನ್ನ ವಾದ ಇಷ್ಟು. ಕುಟುಂಬದ ಸಮಾಧಿನೆಲವನ್ನು ಉಳಿಸುವ ಕೆಲಸವನ್ನೂ ಮರೆತ ನೆಂಟರ ಅಸ್ಥಿಯನ್ನು ಮರಳಿ ತರುವ ಕೆಲಸವನ್ನೂ ಒಂದೇ ಶ್ರದ್ಧೆಯ ಎರಡು ಮುಖಗಳೆಂದು ಬರೆಯುವುದು ವಾಡಿಕೆ. ಪಾರ್ಕರ್ ಮನೆತನದ ದಾಖಲೆ ನೋಡಿದರೆ ಇವೆರಡೂ ಒಂದಕ್ಕೊಂದು ಎದುರಾಗಿಯೇ ನಡೆದಿವೆ. ಉಳಿಸುವವರು ಸತ್ತವರನ್ನು ಇದ್ದಲ್ಲೇ ಇರಿಸಬಯಸುತ್ತಾರೆ. ಮರಳಿ ತರುವವರು ನೆಲವನ್ನು ಅಗೆಯಲೇಬೇಕು.

ಪಾರ್ಕರ್‌ಗಳು ಇಲಿನಾಯ್‌ನಿಂದ ಬಂದ ಬ್ಯಾಪ್ಟಿಸ್ಟರು. ಟೆಕ್ಸಸ್ ಆಗ ಮೆಕ್ಸಿಕೊಗೆ ಸೇರಿತ್ತು. ಅಲ್ಲಿನ ಕಾನೂನಿನ ಪ್ರಕಾರ ಕ್ಯಾಥೊಲಿಕ್ ಅಲ್ಲದ ಚರ್ಚನ್ನು ಸ್ಥಾಪಿಸುವಂತಿರಲಿಲ್ಲ. ಜಾನ್‌ನ ಮಗ ಡೇನಿಯಲ್ ಪಾರ್ಕರ್ ಇದಕ್ಕೊಂದು ಉಪಾಯ ಕಂಡ: ಸ್ಥಾಪಿಸಬಾರದೆಂದಿದೆಯೇ ಹೊರತು ಸ್ಥಾಪಿತವಾದದ್ದನ್ನು ತರಬಾರದೆಂದಿಲ್ಲ. 1833ರಲ್ಲಿ ಇಲಿನಾಯ್‌ನಲ್ಲೇ ಪಿಲ್ಗ್ರಿಮ್ ಚರ್ಚನ್ನು ಕಟ್ಟಿಕೊಂಡು ಸಭೆಯ ಸಮೇತ ಟೆಕ್ಸಸ್‌ಗೆ ಹೊರಟ. ಈಗಿನ ಆಂಡರ್ಸನ್ ಕೌಂಟಿಯ ಎಲ್ಕ್‌ಹಾರ್ಟ್‌ನಲ್ಲಿ ಆ ಚರ್ಚಿನ ಮರದ ದಿಮ್ಮಿಯ ಕಟ್ಟಡದ ಪ್ರತಿಕೃತಿಯಿದೆ, ಅದರ ಬಳಿ ಸ್ಮಶಾನವಿದೆ. 1844ರಲ್ಲಿ ತೀರಿಕೊಂಡ ಡೇನಿಯಲ್ ಅಲ್ಲಿದ್ದಾನೆ. ಉಳಿದ ಅಣ್ಣತಮ್ಮಂದಿರು ಪಶ್ಚಿಮಕ್ಕೆ ಸರಿದು ನವಸೋಟಾ ನದಿಯ ಮೇಲ್ದಂಡೆಯಲ್ಲಿ ಸೀಡರ್ ಮರದ ಕಂಬಗಳ ಕೋಟೆ ಕಟ್ಟಿದರು. ಹೀಗೆ ಮನೆತನಕ್ಕೆ ಆರಂಭದಿಂದಲೇ ಎರಡು ಸಮಾಧಿನೆಲಗಳಾದವು, ಒಂದು ಧರ್ಮಕ್ಕೆ, ಇನ್ನೊಂದು ಬಲಿದಾನಕ್ಕೆ. ಎರಡನ್ನೂ ವಂಶಸ್ಥರು ಚೆನ್ನಾಗಿಯೇ ಕಾಯ್ದುಕೊಂಡು ಬಂದಿದ್ದಾರೆ. ಟೆಕ್ಸಸ್ ಸ್ವಾತಂತ್ರ್ಯದ ಶತಮಾನೋತ್ಸವ ನಡೆದ 1936ರಲ್ಲಿ ಕೋಟೆಯನ್ನೂ ಮತ್ತೆ ಕಟ್ಟಿದರು.

ಸಿಂಥಿಯಾ ಆನ್ ಈ ಎರಡು ಕಥೆಗಳಲ್ಲಿ ಯಾವುದಕ್ಕೂ ಸೇರಲಿಲ್ಲ. ಕೊಮಾಂಚಿಗಳ ನಡುವೆ ಇಪ್ಪತ್ತನಾಲ್ಕು ವರ್ಷ ಬಾಳಿ, ನಾದುವಾ ಎಂಬ ಹೆಸರು ಪಡೆದು, ಪೇಟಾ ನೊಕೋನಾನ ಹೆಂಡತಿಯಾಗಿ ಕ್ವಾನಾ, ಪೀಕೋಸ್, ಟಾಪ್ಸಾನಾ ಎಂಬ ಮೂವರು ಮಕ್ಕಳನ್ನು ಹೆತ್ತಳು. 1860ರ ಡಿಸೆಂಬರ್‌ನಲ್ಲಿ ಸಲ್ ರಾಸ್‌ನ ರೇಂಜರ್ ತುಕಡಿ ಪೀಸ್ ನದಿಯ ಬಳಿ ಆಕೆಯನ್ನು ಹಿಡಿಯಿತು. ಮಡಿಲಲ್ಲಿ ಟಾಪ್ಸಾನಾ ಇದ್ದಳು. ಆ ಕಾಳಗದ ವರ್ಣನೆಗಳನ್ನು ಅಕ್ಷರಶಃ ನಂಬುವಂತಿಲ್ಲ. ರಾಸ್ ಮುಂದೆ ಗವರ್ನರ್ ಆದವನು. ಅವನ ರಾಜಕೀಯ ಏಳಿಗೆಗೆ ಅನುಕೂಲವಾಗುವಂತೆ ಘಟನೆಯನ್ನು ಹೇಗೆ ಹಿಗ್ಗಿಸಲಾಯಿತೆಂಬುದನ್ನು ಪಾಲ್ ಕಾರ್ಲ್‌ಸನ್ ಮತ್ತು ಟಾಮ್ ಕ್ರಮ್ 2010ರ ತಮ್ಮ ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ. ಪೇಟಾ ನೊಕೋನಾ ಅಲ್ಲಿ ಸತ್ತನೆಂಬ ಮಾತನ್ನು ಅವನ ಮಗನೇ ಒಪ್ಪಲಿಲ್ಲ.

ಮರಳಿ ಬಂದವಳಿಗೆ ಗೌರವಗಳು ಸಿಕ್ಕವು. 1861ರಲ್ಲಿ ಟೆಕ್ಸಸ್ ಶಾಸನಸಭೆ ಒಂದು ಲೀಗ್, ಅಂದರೆ 4,428 ಎಕರೆ ಭೂಮಿಯನ್ನೂ ಐದು ವರ್ಷ ತಲಾ 100 ಡಾಲರ್ ವರ್ಷಾಶನವನ್ನೂ ಮಂಜೂರು ಮಾಡಿತು. ಆಕೆ ಮಾತ್ರ ಮತ್ತೆ ಮತ್ತೆ ಓಡಿಹೋಗಲು ನೋಡಿದಳು. ಆ ಕಾಲದ ಛಾಯಾಚಿತ್ರವೊಂದರಲ್ಲಿ ಮಗುವಿಗೆ ಮೊಲೆಯೂಡುತ್ತಿರುವ ಸಿಂಥಿಯಾಳ ತಲೆಗೂದಲು ಮೋಟಾಗಿ ಕತ್ತರಿಸಿದೆ. ಕೊಮಾಂಚಿಗಳಲ್ಲಿ ಅದು ಸೂತಕದ ಗುರುತು. ಪಾರ್ಕರ್‌ಗಳ ಪಾಲಿಗೆ ಬಿಡುಗಡೆಯಾಗಿದ್ದುದು ಆಕೆಯ ಪಾಲಿಗೆ ಸಾವಿನ ಮನೆಯಾಗಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ಕಂಡಿಲ್ಲ. ದೊಡ್ಡಪ್ಪನೊಬ್ಬನ ಮನೆಯಿಂದ, ತಂದೆಯ ಹೆಸರನ್ನೇ ಹೊತ್ತ ತಮ್ಮ ಸೈಲಸ್‌ನ ಮನೆಗೆ, ಅವನು ಅಂತರ್ಯುದ್ಧದ ಸೈನ್ಯಕ್ಕೆ ಹೋಗಬೇಕಾಗಿ ಬಂದಾಗ ತಂಗಿ ಓರ್ಲಿನಾಳ ಮನೆಗೆ ಆಕೆ ಸಾಗಿದಳು. ನಡುವೆ ಟಾಪ್ಸಾನಾ ಕಾಯಿಲೆಯಿಂದ ಸತ್ತು ವ್ಯಾನ್ ಜ್ಯಾಂಟ್ ಕೌಂಟಿಯ ಮಣ್ಣು ಸೇರಿದಳು. ತಾಯಿ 1864ರಲ್ಲೇ ತೀರಿಕೊಂಡಳೆಂದು ಬಹುಕಾಲ ಬರೆಯುತ್ತ ಬಂದಿದ್ದರು. 1870ರ ಜನಗಣತಿಯ ಪಟ್ಟಿಯಲ್ಲಿ ಆಂಡರ್ಸನ್ ಕೌಂಟಿಯ ತಂಗಿಯ ಮನೆಯಲ್ಲಿ ಆಕೆಯ ಹೆಸರು ಸಿಕ್ಕ ಮೇಲೆ ಸಾವನ್ನು 1870 ಇಲ್ಲವೇ 1871ಕ್ಕೆ ತರುವುದು ಸರಿಯೆನಿಸಿದೆ. ಅಷ್ಟು ಹೆಸರಾಗಿದ್ದ ಹೆಂಗಸಿನ ಸಾವಿನ ವರ್ಷವನ್ನೇ ಜನಗಣತಿಯಿಂದ ಹೆಕ್ಕಬೇಕಾಗಿ ಬಂತೆನ್ನುವುದು ಗಮನಿಸತಕ್ಕದ್ದು.

ಹೂಳಿದ್ದು ಪಾಯ್ನರ್ ಊರಿನ ಬಳಿಯ ಫಾಸ್ಟರ್ ಸ್ಮಶಾನದಲ್ಲಿ. ಇದೂ ಆಂಡರ್ಸನ್ ಕೌಂಟಿಯೇ. ದೊಡ್ಡಪ್ಪ ಡೇನಿಯಲ್ ಮಲಗಿರುವ ಎಲ್ಕ್‌ಹಾರ್ಟ್ ಅದೇ ಕೌಂಟಿಯ ದಕ್ಷಿಣಕ್ಕಿದೆ, ಫಾಸ್ಟರ್ ಸ್ಮಶಾನ ಉತ್ತರದ ತುದಿಯಲ್ಲಿ. ಮನೆತನ ಆಕೆಯನ್ನು ಬೇಕೆಂದೇ ದೂರವಿಟ್ಟಿತೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಆ ಕಾಲದಲ್ಲಿ ಹೆಣವನ್ನು ಹೆಚ್ಚು ದಿನ ಇಡುತ್ತಿರಲಿಲ್ಲ. ಹತ್ತಿರದ ನೆಲದಲ್ಲಿ, ನೆರೆಯವರ ಕೈಯಲ್ಲಿ ಮಣ್ಣಾಗುವುದೇ ರೂಢಿ. ಆದರೆ ಒಂದು ಪರಿಣಾಮವಂತೂ ಆಯಿತು. ಕುಟುಂಬದ ಗೋರಿಗಳ ಸಾಲಿನಿಂದ ಹೊರಗುಳಿದವರನ್ನು ಕುಟುಂಬದ ಕೂಟಗಳೂ ವಾರ್ಷಿಕ ಶುಚಿಕಾರ್ಯವೂ ತಲುಪುವುದಿಲ್ಲ.

ಪೂರ್ವ ಟೆಕ್ಸಸ್‌ನ ಸ್ಮಶಾನಗಳು ಬಹುಮಟ್ಟಿಗೆ ಇಂಥ ಶುಚಿಕಾರ್ಯದ ಮೇಲೆಯೇ ನಿಂತಿದ್ದವು. ಭೂಗೋಳಶಾಸ್ತ್ರಜ್ಞ ಟೆರಿ ಜಾರ್ಡನ್ 1982ರ ತನ್ನ ಅಧ್ಯಯನದಲ್ಲಿ ವಿವರಿಸುವಂತೆ, ಇಲ್ಲಿಯ ಜನ ಗೋರಿಗಳ ನಡುವಿನ ಹುಲ್ಲನ್ನು ಬುಡಸಮೇತ ಕೆರೆದು ನೆಲವನ್ನು ಬೋಳಾಗಿ ಇಡುತ್ತಿದ್ದರು. ಪ್ರತಿ ಗೋರಿಯ ಮೇಲೆ ಮಣ್ಣಿನ ಉದ್ದನೆಯ ದಿಬ್ಬ, ಅದರ ಮೇಲೆ ಚಿಪ್ಪುಗಳು, ಸುತ್ತ ಸೀಡರ್ ಮರ. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಕೆತ್ತಿದ ಕಲ್ಲು ಕೊಳ್ಳಲು ಶಕ್ತಿಯಿಲ್ಲದವರು ಹೊಲದ ಕಲ್ಲನ್ನೋ ಮರದ ಹಲಗೆಯನ್ನೋ ನೆಡುತ್ತಿದ್ದರು. ಹಲಗೆ ಬೇಗ ಕೊಳೆಯುತ್ತದೆ. ದಿಬ್ಬವನ್ನು ಮತ್ತೆ ಮತ್ತೆ ಏರಿಸದಿದ್ದರೆ ಶವಪೆಟ್ಟಿಗೆ ಕುಸಿದು ಗುಳಿ ಬೀಳುತ್ತದೆ. ಈ ನೆಲದಲ್ಲಿ ಗೋರಿ ಮರೆಯಾಗಲು ಯಾರೂ ಅದನ್ನು ಕೆಡವಬೇಕಿಲ್ಲ, ಒಂದು ತಲೆಮಾರು ಗುದ್ದಲಿ ಹಿಡಿಯದಿದ್ದರೆ ಸಾಕು. ಇಂದು ನೆಲವನ್ನು ಭೇದಿಸುವ ರೇಡಾರ್ ಮರಳುಮಣ್ಣಿನಲ್ಲಿ ಜೇಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದು ತೋರಿಸುವುದು ಕಲಕಿದ ಮಣ್ಣನ್ನು. ಯಾರ ಗೋರಿಯೆಂದು ಅದು ಹೇಳಲಾರದು.

ಹಾಗೆ ಹೇಳಬಲ್ಲವರಿಗಾಗಿ ಹುಡುಕಿದವನು ಸಿಂಥಿಯಾಳ ಮಗ ಕ್ವಾನಾ. 1875ರ ಜೂನ್‌ನಲ್ಲಿ ತನ್ನ ತಂಡದೊಂದಿಗೆ ಫೋರ್ಟ್ ಸಿಲ್‌ನಲ್ಲಿ ಶರಣಾದ ಅವನು, ತಾಯಿಯ ಕುಲನಾಮವಾದ ಪಾರ್ಕರ್ ಅನ್ನು ತನ್ನ ಹೆಸರಿಗೆ ಸೇರಿಸಿಕೊಂಡ. ಟೆಕ್ಸಸ್‌ನ ಜಾನುವಾರು ಒಡೆಯರಿಗೆ ಹುಲ್ಲುಗಾವಲನ್ನು ಗುತ್ತಿಗೆಗೆ ಕೊಡುವ ವ್ಯವಹಾರದಲ್ಲಿ ಪ್ರಭಾವಿಯಾದ. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್‌ನ ಜೊತೆ ತೋಳದ ಬೇಟೆಗೂ ಹೋದ. ತಾಯಿಯ ಗೋರಿಯ ಬಗ್ಗೆ ಟೆಕ್ಸಸ್‌ನ ಪತ್ರಿಕೆಗಳ ಮೂಲಕ ವಿಚಾರಿಸಿದ. ಅಸ್ಥಿಯನ್ನು ತಂದು ಸ್ಮಾರಕ ನಿಲ್ಲಿಸಲು ಅಮೆರಿಕದ ಕಾಂಗ್ರೆಸ್ ಹಣ ಮಂಜೂರು ಮಾಡಿತು. ಆದರೂ ಟೆಕ್ಸಸ್‌ಗೆ ಕಾಲಿಡಲು ಅವನಿಗೆ ಅಂಜಿಕೆಯಿತ್ತು. 1909ರಲ್ಲಿ ಗವರ್ನರ್ ಥಾಮಸ್ ಕ್ಯಾಂಪ್‌ಬೆಲ್‌ಗೆ ಪತ್ರ ಬರೆದು ರಕ್ಷಣೆ ಕೋರಿದ. ತಾಯಿಯ ಎಲುಬನ್ನು ಕೇಳಲು ಹೋಗುವ ಮಗ ರಕ್ಷಣೆಯ ಭರವಸೆ ಬೇಡಬೇಕಾಯಿತು. ಅಂಥ ಪತ್ರ ಬರೆಯುವ ಅಗತ್ಯ ಟೆಕ್ಸಸ್‌ನ ಯಾವ ಪಾರ್ಕರ್‌ನಿಗೂ ಬರುತ್ತಿರಲಿಲ್ಲ.

ಅಗೆಯುವ ಕೆಲಸಕ್ಕೆ ಅಳಿಯ ಆಬ್ರಿ ಬರ್ಡ್‌ಸಾಂಗ್ ಹೋದ. ಗುರುತಿಗೆ ಆಧಾರ ಊರವರ ನೆನಪು. ಇಂದಿನ ಅಳತೆಯಲ್ಲಿ ಇದು ದುರ್ಬಲ ಪುರಾವೆ, ಮತ್ತು ನಂತರದ ಬರಹಗಾರರು ಇದನ್ನು ಬಹಳ ಸುಲಭವಾಗಿ ದಾಟಿಬಿಟ್ಟಿದ್ದಾರೆಂದು ನನ್ನ ಆಕ್ಷೇಪ. ಆದರೆ ದುರ್ಬಲವೆಂದರೆ ಸುಳ್ಳೆಂದಲ್ಲ. ಸತ್ತು ನಲವತ್ತು ವರ್ಷವಷ್ಟೇ ಆಗಿತ್ತು, ಹೂಳಿದ ಕಾಲವನ್ನು ಕಂಡವರು ಬದುಕಿದ್ದರು, ಸ್ಮಶಾನವೂ ಚಿಕ್ಕದು. ಅಂಥ ಕಡೆ ಮುದುಕರ ಮಾತಿಗಿರುವ ಬೆಲೆಯನ್ನು ನೂರು ವರ್ಷದ ನಂತರದ ಯಾವ ಉಪಕರಣವೂ ತುಂಬಿಕೊಡುವುದಿಲ್ಲ. 1910ರ ಡಿಸೆಂಬರ್ 4ರಂದು ಓಕ್ಲಹೋಮಾದ ಕ್ಯಾಶ್ ಊರಿನ ಬಳಿ, ಮೆನ್ನೊನೈಟ್ ಮಿಶನ್ನಿನ ಪೋಸ್ಟ್ ಓಕ್ ಸ್ಮಶಾನದಲ್ಲಿ ಅವಶೇಷಗಳನ್ನು ಮತ್ತೆ ಹೂಳಿದರು. ಮೂರು ತಿಂಗಳೂ ತುಂಬಿರಲಿಲ್ಲ, 1911ರ ಫೆಬ್ರವರಿ 23ರಂದು ಕ್ವಾನಾ ಸತ್ತು ತಾಯಿಯ ಪಕ್ಕ ಸೇರಿದ.

ಅಲ್ಲಿಗೆ ಕಥೆ ಮುಗಿಸುವ ಬರಹಗಳೇ ಹೆಚ್ಚು. ಆದರೆ ಪೋಸ್ಟ್ ಓಕ್ ಯಾರ ನೆಲ? ಕೊಮಾಂಚಿಗಳ ಮೀಸಲು ಪ್ರದೇಶವನ್ನು 1901ರಲ್ಲಿ ತುಂಡು ತುಂಡಾಗಿ ಹಂಚಿ ಉಳಿದದ್ದನ್ನು ಬಿಳಿಯ ವಲಸಿಗರಿಗೆ ತೆರೆದಾಗಿತ್ತು. ಬುಡಕಟ್ಟಿನ ಕೈಯಲ್ಲಿ ಒಟ್ಟು ನೆಲವೆಂಬುದು ಉಳಿದಿರಲಿಲ್ಲ. ಗೋರಿಗಿದ್ದ ಆಸರೆ ಮಿಶನ್ನಿನ ಆವರಣವೊಂದೇ. 1957ರಲ್ಲಿ ಫೋರ್ಟ್ ಸಿಲ್ ಸೇನಾನೆಲೆ ಕ್ಷಿಪಣಿ ಹಾರಿಸುವ ಮೈದಾನಕ್ಕಾಗಿ ವಿಸ್ತಾರಗೊಂಡಾಗ ಆ ಆಸರೆಯೂ ಹೋಯಿತು. ನೂರಾರು ಗೋರಿಗಳನ್ನು ಇಂಡಿಯಹೋಮಾ ಬಳಿಯ ಹೊಸ ಜಾಗಕ್ಕೆ ಸಾಗಿಸಿದರು. ಕ್ವಾನಾನನ್ನೂ ತಾಯಿಯನ್ನೂ ಆಗಸ್ಟ್ 9ರಂದು ಸೇನಾ ಗೌರವದೊಂದಿಗೆ ಫೋರ್ಟ್ ಸಿಲ್‌ನ ಸ್ಮಶಾನಕ್ಕೆ ಒಯ್ದರು. 1963ರಲ್ಲಿ, ಹಂಟ್ಸ್‌ವಿಲ್ ಸೆರೆಮನೆಯ ಸ್ಮಶಾನದಲ್ಲಿ 1878ರಿಂದ ಇದ್ದ ಕಯೊವಾ ನಾಯಕ ಸಟಾಂಟಾನ ಅಸ್ಥಿಯನ್ನು ಮೊಮ್ಮಗ, ಚಿತ್ರಕಾರ ಜೇಮ್ಸ್ ಆಚಿಯಾ, ಬಿಡಿಸಿ ಇದೇ ನೆಲಕ್ಕೆ ತಂದ. 1965ರಲ್ಲಿ ವ್ಯಾನ್ ಜ್ಯಾಂಟ್ ಕೌಂಟಿಯ ಈಡಮ್ ಬಳಿಯಿಂದ ಟಾಪ್ಸಾನಾಳನ್ನು ತಂದರು. ಪೂರ್ವ ಟೆಕ್ಸಸ್‌ನ ಆಮ್ಲೀಯ ಮರಳುಮಣ್ಣಿನಲ್ಲಿ ನೂರು ವರ್ಷದ ನಂತರ ಪುಟ್ಟ ಮಗುವಿನ ಎಲುಬು ಎಷ್ಟು ಉಳಿದೀತು? ಇಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಸಾಗಿಸುವುದು ಬಣ್ಣ ಬದಲಾದ ಮಣ್ಣನ್ನು, ಪೆಟ್ಟಿಗೆಯ ಮೊಳೆಗಳನ್ನು. ಅದು ಮೋಸವಲ್ಲ. ಸಂಬಂಧಿಗಳಿಗೆ ಬೇಕಿದ್ದುದು ತಾಯಿಯ ಪಕ್ಕ ಮಗುವಿನ ಹೆಸರು.

ಇದೆಲ್ಲ ಇಂದಿನ ಕಾನೂನಿನಲ್ಲಿ ಹೇಗೆ ನಡೆಯುತ್ತಿತ್ತು? ಟೆಕ್ಸಸ್‌ನ ಆರೋಗ್ಯ ಮತ್ತು ಸುರಕ್ಷತಾ ಸಂಹಿತೆಯ 711ನೇ ಅಧ್ಯಾಯ ಸ್ಮಶಾನವೆಂದು ಮೀಸಲಾದ ನೆಲವನ್ನು ಬೇರೆ ಉಪಯೋಗಕ್ಕೆ ತಿರುಗಿಸದಂತೆ ತಡೆಯುತ್ತದೆ. ಅಸ್ಥಿ ತೆಗೆಯಲು ಸ್ಮಶಾನದ ಆಡಳಿತ, ಗೋರಿಜಾಗದ ಒಡೆಯ, ಹತ್ತಿರದ ಬಂಧು ಈ ಮೂವರ ಲಿಖಿತ ಒಪ್ಪಿಗೆ ಬೇಕು. ಬಂಧುಗಳ ಕ್ರಮದಲ್ಲಿ ಗಂಡ ಅಥವಾ ಹೆಂಡತಿಯ ನಂತರ ವಯಸ್ಕ ಮಕ್ಕಳು, ಆಮೇಲೆ ತಂದೆತಾಯಿ, ಆಮೇಲೆ ಒಡಹುಟ್ಟಿದವರು. ಕ್ವಾನಾನ ಹಕ್ಕು ಹಾಗಾಗಿ ಇಂದೂ ತಂಗಿಯ ಮನೆಯವರ ಹಕ್ಕಿಗಿಂತ ಮೇಲೆ ನಿಲ್ಲುತ್ತಿತ್ತು. 1990ರಲ್ಲಿ ಬಂದ, ಮೂಲನಿವಾಸಿಗಳ ಅಸ್ಥಿಗಳನ್ನು ಹಿಂದಿರುಗಿಸುವ ಒಕ್ಕೂಟ ಕಾಯಿದೆಯಿಂದ ಅವನಿಗೆ ಪ್ರಯೋಜನವಿರುತ್ತಿರಲಿಲ್ಲ. ಆ ಕಾಯಿದೆ ವಸ್ತುಸಂಗ್ರಹಾಲಯಗಳಿಗೂ ಒಕ್ಕೂಟ ಸರ್ಕಾರದ ಇಲ್ಲವೇ ಬುಡಕಟ್ಟಿನ ನೆಲಕ್ಕೂ ಅನ್ವಯವೇ ಹೊರತು ಫಾಸ್ಟರ್‌ನಂಥ ಊರ ಸ್ಮಶಾನಕ್ಕಲ್ಲ. ಅದಕ್ಕಿಂತ ಮೊದಲಿನ ತೊಡಕು, ಹುಟ್ಟಿನಿಂದ ಬಿಳಿಯಳಾದ ಸಿಂಥಿಯಾಳನ್ನು ಯಾವ ಜನರ ಮೃತಳೆಂದು ಎಣಿಸುವುದು ಎಂಬುದು. ಬದುಕಿನ ಬಹುಪಾಲನ್ನೂ ಹೆತ್ತ ಮಕ್ಕಳನ್ನೂ ನೋಡಿ ಕೊಮಾಂಚಿ ಎನ್ನುವುದೇ ನ್ಯಾಯವೆಂದು ನನ್ನ ಅಭಿಪ್ರಾಯ. ಕಾಯಿದೆಯ ಭಾಷೆ ಅದನ್ನು ಅಷ್ಟು ನೇರವಾಗಿ ಹೇಳುವುದಿಲ್ಲ.

ಇಪ್ಪತ್ತನೆಯ ಶತಮಾನದ ನಡುವಿನಿಂದ ಟೆಕ್ಸಸ್‌ನ ಪಾರ್ಕರ್‌ಗಳೂ ಓಕ್ಲಹೋಮಾದ ಪಾರ್ಕರ್‌ಗಳೂ ಒಬ್ಬರ ಕುಟುಂಬಕೂಟಕ್ಕೆ ಇನ್ನೊಬ್ಬರು ಹೋಗಿಬರುತ್ತಿದ್ದಾರೆ. ಸಂರಕ್ಷಣೆಯ ಚರ್ಚೆ ಈಗ ಈ ಎರಡೂ ಕವಲುಗಳನ್ನು ಒಟ್ಟಿಗೆ ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ಅವರ ಗೋರಿಗಳಿಗಿರುವ ರಕ್ಷಣೆ ಒಂದೇ ಬಗೆಯದಲ್ಲ. ಟೆಕ್ಸಸ್ ಐತಿಹಾಸಿಕ ಆಯೋಗ 1998ರಲ್ಲಿ ಐತಿಹಾಸಿಕ ಸ್ಮಶಾನಗಳಿಗೆ ಮನ್ನಣೆ ನೀಡುವ ಯೋಜನೆಯನ್ನು ಆರಂಭಿಸಿತು. ಆ ಮನ್ನಣೆ ಸಿಕ್ಕ ಸ್ಮಶಾನ ಭೂದಾಖಲೆಯಲ್ಲಿ ನಮೂದಾಗುತ್ತದೆ. ಖಾಸಗಿ ಹೊಲದ ನಡುವೆ ಸಿಕ್ಕಿಕೊಂಡ ಗೋರಿಯನ್ನು ನೋಡಲು ಹೋಗುವವರಿಗೆ 711ನೇ ಅಧ್ಯಾಯವೇ ಹಾದುಹೋಗುವ ಹಕ್ಕು ಕೊಡುತ್ತದೆ, ಒಡೆಯ ಬೇಲಿ ಹಾಕಿ ತಡೆಯುವಂತಿಲ್ಲ. ಸಿಂಥಿಯಾ ಮತ್ತು ಕ್ವಾನಾರ ಗೋರಿಗಳಿರುವುದು ಚಾಲ್ತಿಯಲ್ಲಿರುವ ಸೇನಾನೆಲೆಯೊಳಗೆ. ಅಲ್ಲಿಗೆ ಹೋಗುವ ವಂಶಸ್ಥರು ದ್ವಾರದಲ್ಲಿ ಗುರುತಿನ ಚೀಟಿ ತೋರಿಸಿ, ಅನುಮತಿ ಪತ್ರ ಪಡೆದು ಒಳಗೆ ಹೋಗುತ್ತಾರೆ.