ಹಂಡೆಗಟ್ಟಲೆ ಕಷಾಯ

"ಕಷಾಯ ಕುಡದ್ರ ಏನಾಗ್ತದ್ರಿ? ಗಿಡಮೂಲಿಕಿ ಅಲ್ಲೇನು? ಆದ್ರ ಲಾಭ, ಇಲ್ಲಂದ್ರ ನಷ್ಟ ಅಂತೂ ಇಲ್ಲ."

ಕಪನೂರದ ಓಣಿಯಾಗಿರಲಿ, ಕಲಬುರಗಿಯ ಸೂಪರ್ ಮಾರ್ಕೆಟ್ ಆಗಿರಲಿ, ಕಮಲಾಪುರದ ಬಸ್ ಸ್ಟ್ಯಾಂಡ್ ಆಗಿರಲಿ, ಈ ಮಾತು ಕೇಳದವರು ಯಾರೂ ಇಲ್ಲ. ಇದು ನಮ್ಮ ಅಜ್ಜ-ಮುತ್ತಜ್ಜರ ಕಾಲದ ತಿಳುವಳಿಕೆ ಅಂತಲೇ ನಾವು ನಂಬಿದ್ದೇವೆ. ಆದರೆ ಅಜ್ಜಂದಿರಿಗಿಂತ ಹಿಂದಿನವರು ಬರೆದಿಟ್ಟ ಪುಸ್ತಕಗಳನ್ನು ತೆಗೆದು ನೋಡಿದರೆ ಈ ಮಾತು ಎಲ್ಲೂ ಸಿಗುವುದಿಲ್ಲ. ಸಿಗುವುದೆಲ್ಲ ಇದಕ್ಕೆ ಉಲ್ಟಾ. ಯಾವ ಗಿಡ, ಎಷ್ಟು ತೂಕ, ಎಷ್ಟು ನೀರು, ಎಂಥ ಪಾತ್ರೆ, ಯಾವಾಗ ಕುಡಿಯಬೇಕು ಅಂತ ಕಟ್ಟುನಿಟ್ಟು. "ಗಿಡಮೂಲಿಕೆಯಿಂದ ಏನೂ ಆಗಲ್ಲ" ಅನ್ನುವುದು ಹಳೆಯ ನಂಬಿಕೆ ಅಲ್ಲ, ಅಳತೆ ಕಳೆದುಕೊಂಡ ನಮ್ಮ ಕಾಲದ ನಂಬಿಕೆ. ಈ ಅಳತೆ ಹೇಗೆ ಹುಟ್ಟಿತು, ಎಲ್ಲಿ ಕಳೆಯಿತು ಅನ್ನುವುದೇ ಇವತ್ತಿನ ವಿಷಯ.

ಮೊದಲು ದೂರ ಹೋಗುವುದು ಬೇಡ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ಹೋದರೆ ಕಾಗಿಣಾ ನದಿಯ ದಂಡೆಗೆ ಮಳಖೇಡ. ಇದೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ 9ನೇ ಶತಮಾನದಲ್ಲಿ ಇಲ್ಲಿಂದ ಆಳಿದ. 'ಕವಿರಾಜಮಾರ್ಗ'ದಿಂದಾಗಿ ಆ ಆಸ್ಥಾನ ನಮಗೆಲ್ಲ ಗೊತ್ತು. ಅದೇ ಕಾಲದಲ್ಲಿ ಉಗ್ರಾದಿತ್ಯ ಅನ್ನುವ ಜೈನ ಮುನಿ ಸಂಸ್ಕೃತದಲ್ಲಿ 'ಕಲ್ಯಾಣಕಾರಕ' ಅನ್ನುವ ವೈದ್ಯಗ್ರಂಥ ಬರೆದ. ಔಷಧದಲ್ಲಿ ಮಾಂಸ ಬೇಡ, ಮದ್ಯ ಬೇಡ, ಜೇನು ಸಹ ಬೇಡ ಅನ್ನುವುದು ಅವನ ಹಟ. ಮಾಂಸದ ಔಷಧ ಯಾಕೆ ಬೇಡ ಅಂತ ಅಮೋಘವರ್ಷನ ಸಭೆಯಲ್ಲಿ ಅವನು ವಾದ ಮಾಡಿದ ಸಂಗತಿ ಗ್ರಂಥದ ಕೊನೆಯಲ್ಲಿ ಬರುತ್ತದೆ. ಇಷ್ಟೆಲ್ಲ ಬಿಟ್ಟಮೇಲೆ ಉಳಿಯುವುದು ಬೇರು, ತೊಗಟೆ, ಎಲೆ, ಹೂವು, ಕಾಯಿ. ಅಂದ್ರ ಇವತ್ತು ನಾವು 'ಹರ್ಬಲ್' ಅಂತ ಕರೀತೀವಲ್ಲ, ಅದರ ಬಗ್ಗೆ ನಮ್ಮ ನೆಲದಾಗ 1100 ವರ್ಷದ ಹಿಂದೆಯೇ ರಾಜಸಭೆಯೊಳಗ ಚರ್ಚೆ ಆಗ್ಯದ.

ಹಾಗಂತ ಗಿಡ ಅಂದರೆ ಎಲ್ಲ ಅಮೃತ ಅಂತ ಹಿಂದಿನವರು ತಿಳಿದಿರಲಿಲ್ಲ. 14ನೇ ಶತಮಾನದಲ್ಲಿ ಮಂಗರಾಜ ಕನ್ನಡದಲ್ಲಿ 'ಖಗೇಂದ್ರಮಣಿದರ್ಪಣ' ಬರೆದ. ಇಡೀ ಪುಸ್ತಕವೇ ವಿಷದ ಮೇಲೆ. ಹಾವು ಚೇಳಿನ ವಿಷ ಒಂದು ಕಡೆಯಾದರೆ, ಗಿಡ-ಖನಿಜಗಳ ಸ್ಥಾವರ ವಿಷ ಇನ್ನೊಂದು ಕಡೆ. ವಿಷವೂ ಗಿಡದಿಂದ, ಮದ್ದೂ ಗಿಡದಿಂದ. ಎರಡರ ನಡುವೆ ಇರುವುದು ಹೆಸರು ಮತ್ತು ಅಳತೆ ಅಷ್ಟೇ.

ಈಗ ಅಳತೆಗೆ ಬರೋಣ. ಆಯುರ್ವೇದದಲ್ಲಿ ಕಷಾಯ ಅಂದರೆ ಒಂದೇ ಅಲ್ಲ, ಐದು. ಹಸಿ ಗಿಡದ ರಸ ಸ್ವರಸ, ಅರೆದ ಮುದ್ದೆ ಕಲ್ಕ, ಕುದಿಸಿ ಇಂಗಿಸಿದ್ದು ಕ್ವಾಥ, ತಣ್ಣೀರಲ್ಲಿ ನೆನೆಸಿದ್ದು ಹಿಮ, ಬಿಸಿನೀರು ಹಾಕಿ ಸೋಸಿದ್ದು ಫಾಂಟ. ನಾವು ಮನೆಯಲ್ಲಿ ಕಷಾಯ ಅನ್ನುವುದು ಹೆಚ್ಚಾಗಿ ಕ್ವಾಥಕ್ಕೂ ಫಾಂಟಕ್ಕೂ ನಡುವಿನ ಒಂದು ಅಡ್ಡಕಸುಬಿ. ಕ್ವಾಥದ ಲೆಕ್ಕವನ್ನು ಶಾರ್ಙ್ಗಧರ ಸಂಹಿತೆ ಹೇಳುತ್ತದೆ: ಜಜ್ಜಿದ ಮೂಲಿಕೆ ಒಂದು ಪಲ, ನೀರು ಅದರ 16 ಪಟ್ಟು, ಮಣ್ಣಿನ ಪಾತ್ರೆ, ಸಣ್ಣ ಉರಿ, ಎಂಟರಲ್ಲಿ ಒಂದು ಪಾಲು ಉಳಿಯುವವರೆಗೆ ಕುದಿಸುವುದು. ಪಲ ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 48 ಗ್ರಾಂ. ನೀರು ಮುಕ್ಕಾಲು ಲೀಟರಿಗೆ ಸ್ವಲ್ಪ ಹೆಚ್ಚು. ಕೊನೆಗೆ ಉಳಿಯುವುದು 100 ಮಿಲಿಲೀಟರಿಗೂ ಸ್ವಲ್ಪ ಕಡಿಮೆ. ಇದು ಒಬ್ಬ ರೋಗಿಯ ಪಾಲು. ಗಮನಿಸ್ರಿ, ಹಳೆಯ ಲೆಕ್ಕ ಶುರುವಾಗುವುದೇ ಒಬ್ಬರಿಂದ. ಹಂಡೆಯಿಂದಲ್ಲ.

ಹಂಗಂದ್ರ ಇಪ್ಪತ್ತು ಮಂದಿಗೆ ಮಾಡಬೇಕಾದರೆ? ಮೂಲಿಕೆ ಸುಮಾರು ಒಂದು ಕೆಜಿ, ನೀರು 15 ಲೀಟರ್, ಉಳಿಯಬೇಕಾದದ್ದು 2 ಲೀಟರ್. 13 ಲೀಟರ್ ನೀರು ಆವಿಯಾಗಿ ಹೋಗಬೇಕು. ಇಷ್ಟಕ್ಕೆ ಅಡುಗೆ ಗ್ಯಾಸ್ ಒಂದು ಕೆಜಿಗೂ ಹೆಚ್ಚು ಸುಡಬೇಕಾಗುತ್ತದೆ. ಮನೆಯ ಸಿಲಿಂಡರಿನಲ್ಲಿ ಇರುವುದೇ 14.2 ಕೆಜಿ. ಯಾವ ಮನೆಯವರು ಇಷ್ಟು ಕುದಿಸುತ್ತಾರೆ ಹೇಳ್ರಿ? ಅರ್ಧ ಗಂಟೆ ಕುದಿಸಿ, ಬಣ್ಣ ಬಂತು ಅಂತ ಇಳಿಸುತ್ತಾರೆ. ಅಗಲ ಬಾಯಿಯ ಬೋಗುಣಿಯಲ್ಲಿ ನೀರು ಬೇಗ ಇಂಗುತ್ತದೆ, ಕಿರಿದು ಬಾಯಿಯ ಕೊಡದಲ್ಲಿ ನಿಧಾನ. ಮೇಲಿನ ಲೋಟ ತೆಳ್ಳಗೆ, ತಳದ ಲೋಟ ಗಟ್ಟಿ. ಹಂಡೆ ದೊಡ್ಡದಾದಷ್ಟೂ ಯಾರ ಲೋಟಕ್ಕೆ ಎಷ್ಟು ಬಂತು ಅನ್ನುವುದು ಗೊತ್ತಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ದೊಡ್ಡ ಪಾತ್ರೆಯಲ್ಲಿ ಮದ್ದು ಕುದಿಸುತ್ತಿದ್ದದ್ದು ದನಗಳಿಗೆ, ಕುಡಿಸುತ್ತಿದ್ದದ್ದು ಬಿದಿರಿನ ಗೊಟ್ಟದಲ್ಲಿ. ಕಮಲಾಪುರ, ಹುಮನಾಬಾದ್ ದಾಟಿದರೆ ಸಿಗುವ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ ಆ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಬರೆದ. ದನದ ವೈದ್ಯವೂ ಅವರಿಗೆ ಪುಸ್ತಕ ಬರೆಯುವಷ್ಟು ಬಿಗಿಯಾದ ವಿದ್ಯೆ.

ದೊಡ್ಡ ಪಾತ್ರೆಯ ಎರಡನೇ ತೊಡಕು, ಇಡುವುದು. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಕುದಿಸಿದ ಕಷಾಯ ಸಂಜೆಗೆ ವಾಸನೆ ತಿರುಗುತ್ತದೆ. ಕ್ವಾಥವನ್ನು ಆಗಿಂದಾಗ ಮಾಡಿ ಕುಡಿಯಬೇಕು ಅನ್ನುವುದು ಇದಕ್ಕೇ. ತಿಂಗಳುಗಟ್ಟಲೆ ಇಡಬೇಕು ಅಂದರೆ ಹಿಂದಿನವರ ಬಳಿ ಬೇರೆ ದಾರಿ ಇತ್ತು: ಕುದಿಸಿದ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಹಾಕಿ, ಪಾತ್ರೆಯ ಬಾಯಿ ಮುಚ್ಚಿ ಹುಳಿ ಬರಿಸುವುದು. ಕುದಿಸಿ ಮಾಡಿದರೆ ಅರಿಷ್ಟ, ಕುದಿಸದೆ ಮಾಡಿದರೆ ಆಸವ. ದಶಮೂಲಾರಿಷ್ಟ, ದ್ರಾಕ್ಷಾಸವ ಅಂತ ಅಂಗಡಿಯಲ್ಲಿ ಸಿಗುವುದೆಲ್ಲ ಇದೇ. ಹುಳಿ ಬಂದಾಗ ಒಳಗೇ ಹುಟ್ಟುವ ಮದ್ಯಸಾರವೇ ಅದನ್ನು ಕೆಡದಂತೆ ಕಾಯುತ್ತದೆ. ಉಗ್ರಾದಿತ್ಯ ಮದ್ಯ ಬೇಡ ಅಂದದ್ದು ಯಾಕೆ ಸಣ್ಣ ಮಾತಲ್ಲ ಅಂತ ಈಗ ತಿಳೀತದ. ಮದ್ಯವನ್ನು ಬಿಟ್ಟರೆ ಮದ್ದು ಇಡುವ ದಾರಿಯನ್ನೇ ಒಂದಿಷ್ಟು ಬಿಟ್ಟಂತೆ.

ಇದೇ ಪ್ರಶ್ನೆ ಸಾವಿರ ವರ್ಷದ ಮೇಲೆ ದಿಲ್ಲಿಯ ಕಾನೂನಿನಲ್ಲೂ ಬಂತು. 1955ರಲ್ಲಿ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಬಕಾರಿ ಸುಂಕದ ಕಾಯ್ದೆ ಆಯಿತು. ತಾನಾಗಿ ಮದ್ಯಸಾರ ಹುಟ್ಟುವ ಆಯುರ್ವೇದ ಔಷಧಗಳನ್ನು ಅದು ಎರಡು ಬಗೆ ಮಾಡಿತು: ಮಾಮೂಲಿ ಮದ್ಯದಂತೆ ಕುಡಿಯಬಹುದಾದವು, ಕುಡಿಯಲಾಗದವು. ಒಂದೇ ಬಾಟಲಿ ಒಬ್ಬರಿಗೆ ಚಮಚದಲ್ಲಿ ಔಷಧ, ಇನ್ನೊಬ್ಬರಿಗೆ ಲೋಟದಲ್ಲಿ ನಶೆ ಅಂತ ಸರ್ಕಾರಕ್ಕೂ ಗೊತ್ತಿತ್ತು. ಇಲ್ಲೂ ವ್ಯತ್ಯಾಸ ಅಳತೆಯದೇ.

ನಮ್ಮ ಭಾಗದಲ್ಲಿ ಕಷಾಯಕ್ಕೆ ಇನ್ನೊಂದು ಹೆಸರೂ ಉಂಟು: ಜೋಶಾಂದ. ಪಾರ್ಸಿಯಲ್ಲಿ 'ಜೋಶ್' ಅಂದರೆ ಕುದಿ. ಬಹಮನಿಗಳಿಂದ ನಿಜಾಮರವರೆಗೆ ಯುನಾನಿ ವೈದ್ಯ ಇಲ್ಲಿ ಬೇರು ಬಿಟ್ಟಿತು. ಹಕೀಮರು ನಾಡಿ ನೋಡಿ ಪುಡಿಕೆ ಕಟ್ಟಿಕೊಡುತ್ತಿದ್ದರು. ಒಂದು ಹೊತ್ತಿಗೆ ಒಂದು ಪುಡಿಕೆ. ರಾತ್ರಿ ನೆನೆ ಹಾಕು, ಬೆಳಿಗ್ಗೆ ಕುದಿಸು, ಸೋಸಿ ಕುಡಿ. ಆ ಕಾಗದದ ಪುಡಿಕೆಯೇ ಅಳತೆ. ಓದು ಬರಹ ಬಾರದವರೂ ತಪ್ಪು ಮಾಡದ ಹಾಗೆ ಇದ್ದ ವ್ಯವಸ್ಥೆ ಅದು.

ಆಮೇಲೆ ಬಂದದ್ದು ಚಾ. 1871ರಲ್ಲಿ ಮುಂಬೈ ಕಡೆಯ ರೈಲುಹಳಿ ಮದ್ರಾಸ್ ಕಡೆಯ ಹಳಿಯನ್ನು ರಾಯಚೂರಿನಲ್ಲಿ ಕೂಡಿತು, ಕಲಬುರಗಿ ಆ ದಾರಿಯ ಮೇಲಿನ ಊರು. 1903ರಲ್ಲಿ ಚಹಾದ ಮೇಲೆ ಸೆಸ್ ಹಾಕಿ, ಆ ದುಡ್ಡಿನಿಂದ ಚಹಾ ಪ್ರಚಾರ ಶುರುವಾಯಿತು. ರೈಲು ನಿಲ್ದಾಣ, ಜಾತ್ರೆ, ಸಂತೆಗಳಲ್ಲಿ ಹೇಗೆ ಮಾಡಬೇಕು ಅಂತ ತೋರಿಸಿ ಕುಡಿಸಿದರು. ಚಾ ಅಂದರೂ ಒಂದು ಫಾಂಟವೇ. ಆದರೆ ಜನ ಅದನ್ನು ತಮ್ಮ ಕಷಾಯದಂತೆ ಮಾಡಿಕೊಂಡರು: ಶುಂಠಿ ಹಾಕಿದರು, ಏಲಕ್ಕಿ ಹಾಕಿದರು, ಗಳಗಳ ಕುದಿಸಿದರು. ಚಾ ದಿನಕ್ಕೆ ನಾಲ್ಕು ಸಲ ಕುಡಿದರೂ ನಡೀತದ ಅನ್ನುವ ರೂಢಿ ಬಂತು. ಅದೇ ರೂಢಿ ಹಿಂದಕ್ಕೆ ತಿರುಗಿ ಕಷಾಯಕ್ಕೂ ಅಂಟಿತು ಅಂತ ನನಗನ್ನಿಸುತ್ತದೆ. ರೋಗ ಬಂದಾಗ ಕುಡಿಯುವ ಮದ್ದು, ದಿನಾ ಕುಡಿಯುವ ಪಾನೀಯವಾಯಿತು.

ಎಲೆಯೊಂದು ಹಂಡೆಗೆ ಬಿದ್ದಾಗ ಏನಾಗುತ್ತದೆ ಅನ್ನುವುದಕ್ಕೆ ಥಾಯ್ಲೆಂಡಿನ ಕ್ರೇಟಮ್ ಒಳ್ಳೆಯ ಉದಾಹರಣೆ. ಕಾಫಿಯ ಕುಟುಂಬಕ್ಕೇ ಸೇರಿದ ಮರ ಅದು. ಅಲ್ಲಿಯ ದಕ್ಷಿಣ ಭಾಗದ ಕೂಲಿಗಳು, ರೈತರು ದಣಿವು ನೀಗಲು ಹಸಿ ಎಲೆ ಜಗಿಯುತ್ತಿದ್ದರು. 1943ರ ಕಾಯ್ದೆ ಅದನ್ನು ನಿಷೇಧಿಸಿತು. ಸರ್ಕಾರಕ್ಕೆ ಅಫೀಮಿನಿಂದ ಬರುತ್ತಿದ್ದ ತೆರಿಗೆ ಕಡಿಮೆಯಾಗುತ್ತದೆ ಅನ್ನುವುದೂ ಕಾರಣ ಅಂತ ಹಲವು ಸಂಶೋಧಕರು ಹೇಳುತ್ತಾರೆ. 2021ರ ಆಗಸ್ಟಿನಲ್ಲಿ ಅದನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆದರು. ನಡುವೆ ಹೊಸ ಕಾಲದ ಹುಡುಗರು ಎಲೆಯನ್ನು ರಾಶಿಗಟ್ಟಲೆ ಕುದಿಸಿ, ಕೆಮ್ಮಿನ ಸಿರಪ್ಪು, ಕೋಲಾ ಬೆರೆಸಿ ಕುಡಿಯಲು ಶುರು ಮಾಡಿದ್ದರು. ಮರ ಅದೇ, ಎಲೆ ಅದೇ. ಜಗಿಯುವವನಿಗೆ ತಾನು ಎಷ್ಟು ಎಲೆ ತಿಂದೆ ಅಂತ ಲೆಕ್ಕ ಇರುತ್ತದೆ. ಹಂಡೆಯಿಂದ ಕುಡಿಯುವವನಿಗೆ ಆ ಲೆಕ್ಕ ಇಲ್ಲ. ಬಿಡಲಾಗದ ಚಟ ಹತ್ತುವುದೂ ಹಾಗೆಯೇ. ಅದೇ ಕುಲದ ಇನ್ನೊಂದು ಮರ ನಮ್ಮ ದೇಶದ ಕಾಡುಗಳಲ್ಲೂ ಇದೆ. ಕುಲ ಒಂದೇ ಅಂತ ಅದನ್ನು ಇದು ಅಂದುಕೊಂಡರೆ ಮುಗೀತು.

ಈಗ ನಮ್ಮ ಊರಿಗೆ ವಾಪಸ್. 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನದ ಮೇಲೆ ಅದು ಕೊರೊನಾ ಅಂತ ಖಾತ್ರಿಯಾಯಿತು. ಅದು ದೇಶದ ಮೊದಲ ಕೊರೊನಾ ಸಾವು. ಆ ದಿನಗಳ ಅಂಜಿಕೆ ಈ ಊರಿನವರಿಗೆ ಹೇಳಬೇಕಾಗಿಲ್ಲ. ಲಸಿಕೆ ಇಲ್ಲ, ಔಷಧ ಇಲ್ಲ, ಹೊರಗೆ ಕಾಲಿಡುವ ಹಾಗಿಲ್ಲ. ಕೈಗೆ ಸಿಕ್ಕದ್ದು ಒಲೆ ಮತ್ತು ಪಾತ್ರೆ. ಕಪನೂರದಲ್ಲಿ ದಾಲ್ ಮಿಲ್ಲುಗಳು ಬಂದ್ ಆಗಿದ್ದ ಆ ವಾರಗಳಲ್ಲಿ ಮನೆಮನೆಯಲ್ಲೂ ಮೆಣಸು, ಶುಂಠಿ, ಲವಂಗದ ವಾಸನೆ. ಮಾಡಿದ್ದನ್ನು ನೆರೆಮನೆಗೂ ಕೊಟ್ಟರು. ಅದರಲ್ಲಿದ್ದ ಅಂತಃಕರಣವನ್ನು ನಾನು ಅಲ್ಲಗಳೆಯುವುದಿಲ್ಲ.

ಆಗ ಆಯುಷ್ ಸಚಿವಾಲಯ ಏಪ್ರಿಲ್‌ನಲ್ಲಿ ಹೇಳಿದ 'ಆಯುಷ್ ಕ್ವಾಥ'ದ ಅಳತೆ ಏನಿತ್ತು ಗೊತ್ತೇನ್ರಿ? ತುಳಸಿ 4 ಪಾಲು, ದಾಲ್ಚಿನ್ನಿ 2, ಒಣಶುಂಠಿ 2, ಕರಿಮೆಣಸು 1. ಆ ಪುಡಿ 3 ಗ್ರಾಂ, ಬಿಸಿನೀರು 150 ಮಿಲಿಲೀಟರ್, ದಿನಕ್ಕೆ ಒಂದೋ ಎರಡೋ ಸಲ. ಹಳೆಯ ಕ್ವಾಥದ 48 ಗ್ರಾಂ ಎಲ್ಲಿ, ಈ 3 ಗ್ರಾಂ ಎಲ್ಲಿ! ಎರಡಕ್ಕೂ ಹೆಸರು ಕ್ವಾಥ, ನಡುವೆ 16 ಪಟ್ಟು ಅಂತರ. ಮಸಾಲೆಯಂಥ ಖಾರ ಪದಾರ್ಥಕ್ಕೆ ಕಡಿಮೆ ಅಳತೆಯೇ ಸರಿ. ಆದರೆ ವಾಟ್ಸಾಪಿನಲ್ಲಿ ಓಡಾಡಿದ್ದು ಪದಾರ್ಥಗಳ ಹೆಸರು ಮಾತ್ರ, ಗ್ರಾಂ ಅಲ್ಲ.

ಅದರ ಬೆಲೆಯನ್ನೂ ಕೆಲವರು ತೆತ್ತರು. ಅಮೃತಬಳ್ಳಿ ಕುಡಿದು ಲಿವರಿಗೆ ಪೆಟ್ಟಾದ 6 ರೋಗಿಗಳ ಬಗ್ಗೆ ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಬಂದವರು ಅವರು. ಅದು ಅಮೃತಬಳ್ಳಿ ಆಗಿರಲಿಕ್ಕಿಲ್ಲ, ಅದರಂತೆಯೇ ಕಾಣುವ ಬೇರೆ ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ಉತ್ತರ ಕೊಟ್ಟಿತು. 2022ರಲ್ಲಿ ದೇಶದ 13 ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಪ್ರಕಟಿಸಿದವು. ಕೆಲವರಲ್ಲಿ ಒಳಗೇ ಅಡಗಿದ್ದ ಲಿವರ್ ಕಾಯಿಲೆಯನ್ನು ಬಳ್ಳಿ ಎಬ್ಬಿಸಿರಬಹುದು ಅನ್ನುವುದು ಅವರ ಮಾತು. ಈ ಜಗಳದಲ್ಲಿ ಯಾರು ಗೆದ್ದರೂ ನಮಗೆ ಸಿಗುವ ಪಾಠ ಒಂದೇ. ವೈದ್ಯರು ಸರಿ ಅಂದರೆ ಅಳತೆ ತಪ್ಪಿತು, ಸಚಿವಾಲಯ ಸರಿ ಅಂದರೆ ಹೆಸರು ತಪ್ಪಿತು. ಮಂಗರಾಜ ಎಚ್ಚರಿಸಿದ್ದೂ ಇವೆರಡರ ಬಗ್ಗೆಯೇ. ಜೇಷ್ಠಮಧುವಿನ ಕಥೆಯೂ ಹೀಗೇ: ಗಂಟಲಿಗೆ ಹಿತ, ದಿನಾ ಹೆಚ್ಚು ಕುಡಿದರೆ ರಕ್ತದೊತ್ತಡ ಏರಿಸುತ್ತದೆ.

ಇಷ್ಟು ಓದಿ "ಹಂಗಾದ್ರ ಕಷಾಯ ಬಿಡೋದೇನ್ರಿ?" ಅಂತ ಕೇಳಬಹುದು. ಬಿಡೋದು ಬ್ಯಾಡ. ಬಿಟ್ಟಿದ್ದನ್ನ ಮತ್ತ ಹಿಡಿಯೋದು. ಗುರುತು ಗೊತ್ತಿರುವ ಗಿಡವನ್ನೇ ತರುವುದು, ತೂಕ ಹಾಕುವುದು, ಆ ದಿನದ್ದನ್ನು ಆ ದಿನ ಮುಗಿಸುವುದು. ಹುಳಿ ಪದಾರ್ಥ ಇದ್ದರೆ ಕಲಾಯಿ ಇಲ್ಲದ ತಾಮ್ರದ ಪಾತ್ರೆ ಬಳಸದೆ ಇರುವುದು. ಬಸುರಿಯರು, ಸಕ್ಕರೆ-ಬಿಪಿ ಗುಳಿಗೆ ತಗೊಳ್ಳುವವರು, ಲಿವರ್ ತೊಂದರೆ ಇದ್ದವರು ಕುಡಿಯುವ ಮೊದಲು ಡಾಕ್ಟರಿಗೆ ಹೇಳುವುದು. ಹೇಳದೆ ಕುಡಿದರೆ ಕಣ್ಣು ಹಳದಿಯಾದಾಗ ಕಾರಣ ಹುಡುಕುವುದಕ್ಕೇ ವಾರ ಹೋಗುತ್ತದೆ.

ಮನೆಯಲ್ಲಿ ಚಿನ್ನ ತೂಗುವಾಗ ಗುಂಜಿ ಲೆಕ್ಕ ಹಾಕುತ್ತೇವೆ, ತೊಗರಿ ಮಾರುವಾಗ ಗ್ರಾಂ ಹೆಚ್ಚುಕಡಿಮೆ ಆದರೆ ಜಗಳಕ್ಕೆ ನಿಲ್ಲುತ್ತೇವೆ. ಹೊಟ್ಟೆಗೆ ಹಾಕುವ ಮದ್ದಿಗೆ ಮಾತ್ರ "ಒಂದು ಹಿಡಿ ಹಾಕವಾ, ನಡೀತದ" ಅಂದರೆ ಅದು ಪರಂಪರೆ ಅಲ್ಲ. ಪರಂಪರೆ ಪಲದಲ್ಲಿ ತೂಗಿದ್ದು, ಪುಡಿಕೆಯಲ್ಲಿ ಕಟ್ಟಿದ್ದು.