ಹುಟ್ಟಿನಿಂದಲೇ ಬರುವ ಕೈ ಊನ: ಕೃತಕ ಕೈ ಮತ್ತು ಸಹಾಯಕ ಸಾಧನಗಳು (ಮಂಡ್ಯ, ಮದ್ದೂರು, ಮಳವಳ್ಳಿ)

ಗರ್ಭದಲ್ಲಿರುವಾಗ ಕೈ ಅಥವಾ ಬೆರಳು ಪೂರ್ತಿ ಬೆಳೆಯದೆ, ಒಂದಕ್ಕೊಂದು ಅಂಟಿಕೊಂಡು ಅಥವಾ ಹೆಚ್ಚಾಗಿ ಮೂಡಿ ಮಗು ಹುಟ್ಟುವುದುಂಟು. ಸುಮಾರು 500 ಶಿಶುಗಳಲ್ಲಿ ಒಂದಕ್ಕೆ ಇಂಥ ವ್ಯತ್ಯಾಸ ಇರುತ್ತದೆ. ಆರನೆಯ ಬೆರಳು, ಅಂಟಿದ ಬೆರಳುಗಳು ಹೆಚ್ಚು. ಹೆಬ್ಬೆರಳಿಲ್ಲದಿರುವುದು, ಮುಂಗೈ ಅರ್ಧಕ್ಕೇ ನಿಲ್ಲುವುದು ವಿರಳ. ಭ್ರೂಣದಲ್ಲಿ ಕೈಯ ಮೊಗ್ಗು ನಾಲ್ಕನೆಯ ವಾರದಲ್ಲಿ ಮೂಡಿ, ಎಂಟನೆಯ ವಾರದ ಹೊತ್ತಿಗೆ ಬೆರಳುಗಳು ಬಿಡಿಬಿಡಿಯಾಗುತ್ತವೆ. ಗ್ರಹಣದ ಹೊತ್ತಿನಲ್ಲಿ ಬಸುರಿ ಏನನ್ನೋ ಕೊಯ್ದದ್ದರಿಂದ ಹೀಗಾಯಿತೆಂಬ ಮಾತು ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಹೊಟ್ಟೆ ಕಾಣಿಸಿಕೊಳ್ಳುವ ಮೊದಲೇ ಬೆರಳು ಮೂಡಿ ಮುಗಿದಿರುತ್ತದೆ. ತಾಯಿಯ ಮೇಲೆ ತಪ್ಪು ಹೊರಿಸುವುದು ಕ್ರೌರ್ಯ.

ಕೈಯಿಲ್ಲದವರ ಚರಿತ್ರೆಯ ಒಂದು ದಾಖಲೆ ಈ ಜಿಲ್ಲೆಗೇ ಸೇರಿದೆ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬಾತ ಟಿಪ್ಪುವಿನ ಸೆರೆಯಾಗಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಬಳಿ ಬೊಂಬಾಯಿ ಸೈನ್ಯವನ್ನು ಸೇರಿಕೊಂಡನೆಂದು 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಬರೆಯಿತು. ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗು ಕಟ್ಟಿದ ಭಾರತೀಯ ವಿಧಾನ ಯುರೋಪಿನ ವೈದ್ಯರನ್ನು ಬೆರಗುಗೊಳಿಸಿ ಪ್ಲಾಸ್ಟಿಕ್ ಸರ್ಜರಿಯ ಇತಿಹಾಸದಲ್ಲಿ ನೆಲೆಯಾಯಿತು. ಕೈಯ ಮಾತು ಮಾತ್ರ ಅಲ್ಲಿಗೇ ನಿಂತಿತು.

ಕೃತಕ ಕೈಯನ್ನು ಲೋಕ ಮೊದಲು ಮಾಡಿದ್ದು ಕೈ ಕಳೆದುಕೊಂಡವರಿಗಾಗಿ. 1504ರಲ್ಲಿ ಕೈ ಕಳೆದುಕೊಂಡ ಜರ್ಮನ್ ಯೋಧ ಗೋಟ್ಸ್ ಕಬ್ಬಿಣದ ಕೈ ತೊಟ್ಟ. 1912ರಲ್ಲಿ ಅಮೆರಿಕದ ಡಾರೆನ್ಸ್, ಭುಜದ ಎಳೆತದಿಂದ ತೆರೆದುಕೊಳ್ಳುವ ಕೊಕ್ಕೆಗೆ ಪೇಟೆಂಟ್ ಪಡೆದ. ಭಾರತದಲ್ಲಿ 1944ರ ಪುಣೆಯ ಕೃತಕ ಅಂಗ ಕೇಂದ್ರ ಹುಟ್ಟಿದ್ದೂ ಸೈನಿಕರಿಗಾಗಿಯೇ. 1972ರಲ್ಲಿ ಕೃತಕ ಅಂಗ ತಯಾರಿಸುವ ಸರ್ಕಾರಿ ಸಂಸ್ಥೆ, ಕಾನ್ಪುರದ ಅಲಿಮ್ಕೊ ಬಂತು. 1968ರ ಜೈಪುರ ಕಾಲು ಮನೆಮಾತಾದರೂ ಕೈಗೆ ಅಂಥ ಯಶಸ್ಸು ಸಿಗಲಿಲ್ಲ. ಕಾಲು ಭಾರ ಹೊತ್ತರೆ ಬಹುಪಾಲು ಕೆಲಸ ಆಯಿತು. ಕೈ ಹಿಡಿಯಬೇಕು, ಬಿಡಬೇಕು, ಬಿಸಿ ತಂಪು ತಿಳಿಯಬೇಕು. ಕಬ್ಬಿನ ನಾಡಾದ ಮಂಡ್ಯ, ಮದ್ದೂರಿನಲ್ಲಿಯೂ ಕೈಯಿಲ್ಲದವರೆಂದರೆ ಜನ ಮೊದಲು ನೆನೆಯುವುದು ಆಲೆಮನೆಯ ಗಾಣಕ್ಕೆ ಕೈ ಸಿಕ್ಕಿಸಿಕೊಂಡವರನ್ನು.

ಕೈ ಬೆಳೆಯದೆ ಹುಟ್ಟಿದ ಮಗುವಿನ ವಿಷಯ ಬೇರೆ. ಅದು ಏನನ್ನೂ ಕಳೆದುಕೊಂಡಿಲ್ಲ. ಮೊಣಕೈಯ ಮಡಿಕೆ, ಗದ್ದ, ಮೊಣಕಾಲುಗಳ ನೆರವಿನಿಂದ ತನ್ನದೇ ದಾರಿ ಕಂಡುಕೊಂಡಿರುತ್ತದೆ. ಮೊಣಕೈ ಕೆಳಗೆ ಒಂದು ಕೈ ಬೆಳೆಯದ 489 ಮಕ್ಕಳನ್ನು ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಕೃತಕ ಕೈ ತೊಟ್ಟವರಿಗೂ ತೊಡದವರಿಗೂ ದೈನಂದಿನ ಕೆಲಸದಲ್ಲಿ, ಬದುಕಿನ ನೆಮ್ಮದಿಯಲ್ಲಿ ಹೇಳಿಕೊಳ್ಳುವ ಅಂತರ ಅದಕ್ಕೆ ಕಾಣಲಿಲ್ಲ. ನಮ್ಮ ಸೆಕೆಯಲ್ಲಿ ಬೆವರಿಸುವ ತೊಡುಗೆ, ಅದರ ಭಾರ, ಮುಚ್ಚಿಹೋಗುವ ಸ್ಪರ್ಶ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಮಗು ಅದನ್ನು ಕಳಚಿ ಎಸೆಯುವುದು ಹಟವಲ್ಲ, ವಿವೇಕ. ತೋಳುಗಳಿಲ್ಲದೆ ಹುಟ್ಟಿದ ಜಮ್ಮು-ಕಾಶ್ಮೀರದ ಶೀತಲ್ ದೇವಿಗೂ ಕೃತಕ ತೋಳು ಒಗ್ಗಲಿಲ್ಲ. ಕಾಲಿನಿಂದ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಎಡಗೈ ಪೂರ್ತಿ ಬೆಳೆಯದ ಬೆಂಗಳೂರಿನ ಈಜುಗಾರ ಶರತ್ ಗಾಯಕ್ವಾಡ್ 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ತಂದರು.

ಶಸ್ತ್ರಚಿಕಿತ್ಸೆಗೆ ಮಾತ್ರ ಕಾಲದ ಮಿತಿ ಇದೆ. ಅಂಟಿದ ಬೆರಳುಗಳನ್ನು ಬಿಡಿಸುವುದು ಸಾಮಾನ್ಯವಾಗಿ ಒಂದೆರಡು ವರ್ಷದೊಳಗೆ. ಹೆಬ್ಬೆರಳಿಲ್ಲದ ಕೈಯಲ್ಲಿ ತೋರುಬೆರಳನ್ನೇ ಅದರ ಜಾಗಕ್ಕೆ ತಿರುಗಿಸುವ ವಿಧಾನವನ್ನು ಜರ್ಮನಿಯ ಬುಕ್-ಗ್ರಾಮ್ಕೊ 1971ರಲ್ಲಿ ವಿವರಿಸಿದರು. ಇಂದಿಗೂ ಅದೇ ಆಧಾರ. ಮಗುವನ್ನು ತೋರಿಸಲು ಜಿಲ್ಲೆಯಲ್ಲೇ ಮಂಡ್ಯ ವೈದ್ಯಕೀಯ ವಿಜ್ಞಾನ ಸಂಸ್ಥೆ 2006ರಿಂದ ಇದೆ. ಮೈಸೂರು ಅಲ್ಲಿಂದ ಸುಮಾರು 45 ಕಿ.ಮೀ., ಬೆಂಗಳೂರು ಸುಮಾರು 100 ಕಿ.ಮೀ. ಮದ್ದೂರಿಗೆ ರೈಲು ಉಂಟು. ಮಳವಳ್ಳಿಯವರಿಗೆ ಬಸ್ಸೇ ಗತಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ಆದರೆ ಅದರ ಜನ್ಮದೋಷಗಳ ಪಟ್ಟಿಯಲ್ಲಿ ಸೀಳುತುಟಿ, ಸೊಟ್ಟಪಾದ ಇವೆ, ಕೈ ಊನ ಇಲ್ಲ. ಹೀಗಾಗಿ ಮೊದಲ ಹೆಜ್ಜೆ ಮನೆಯವರೇ ಇಡಬೇಕಾಗುತ್ತದೆ.

ಸಾಧನಗಳಲ್ಲಿ ಎಲ್‌ಎನ್-4 ಎಂಬ ಪ್ಲಾಸ್ಟಿಕ್ ಕೈಯನ್ನು ರೋಟರಿ ಕ್ಲಬ್ಬುಗಳು ಶಿಬಿರಗಳಲ್ಲಿ ಉಚಿತವಾಗಿ ಜೋಡಿಸುತ್ತವೆ. ಅದನ್ನು ಕಟ್ಟಲು ಮೊಣಕೈ ಕೆಳಗೆ ಸಾಕಷ್ಟು ಮುಂಗೈ ಬೇಕು. ಮಣಿಕಟ್ಟೂ ಒಂದಿಷ್ಟು ಅಂಗೈಯೂ ಇದ್ದು ಬೆರಳಿಲ್ಲದವರಿಗೆ ತ್ರೀಡಿ ಮುದ್ರಿತ ಕೈ ಹೊಂದಬಹುದು. ದಕ್ಷಿಣ ಆಫ್ರಿಕದ ಬಡಗಿ ರಿಚರ್ಡ್ ವ್ಯಾನ್ ಆಸ್ ಮತ್ತು ಅಮೆರಿಕದ ಐವನ್ ಓವನ್ ಅದರ ವಿನ್ಯಾಸವನ್ನು 2013ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ 1994ರಿಂದ ಇರುವ ಮೊಬಿಲಿಟಿ ಇಂಡಿಯಾ ಅಂಗಸಾಧನ ತಯಾರಿಸುವುದರ ಜೊತೆಗೆ ಆ ವಿದ್ಯೆಯನ್ನೂ ಕಲಿಸುತ್ತದೆ. ಬೆಳೆಯುವ ಮಗುವಿಗೆ ತೊಡುಗೆಯನ್ನು ಮತ್ತೆ ಮತ್ತೆ ಅಳೆದು ಮಾಡಿಸಬೇಕು. ಒಂದು ಶಿಬಿರದಲ್ಲಿ ಮುಗಿಯುವ ಕೆಲಸವಲ್ಲ ಅದು.

ಹೆಚ್ಚು ಉಪಯೋಗಕ್ಕೆ ಬರುವುದು ಒಂದೊಂದೇ ಕೆಲಸಕ್ಕೆಂದು ಮಾಡಿದ ಅಗ್ಗದ ಸಾಧನಗಳು: ಮುಂಗೈಗೆ ಸುತ್ತುವ ಪಟ್ಟಿಗೆ ಸಿಕ್ಕಿಸಿದ ಚಮಚ ಅಥವಾ ಪೆನ್ನು, ಸೈಕಲ್ಲಿನ ಹಿಡಿಗೆ ಬಟ್ಟಲಿನಂಥ ಜೋಡಣೆ, ಎರಡೂ ಬ್ರೇಕು ಒಂದೇ ಕಡೆ. ನಮ್ಮ ಅಡುಗೆಮನೆಯ ಈಳಿಗೆಮಣೆಯನ್ನೂ ಇಲ್ಲಿ ಸೇರಿಸಬೇಕು. ಅಲಗನ್ನು ಕಾಲು ಹಿಡಿದಿರುವುದರಿಂದ ಕೈಗೆ ಉಳಿಯುವುದು ತರಕಾರಿ ಒತ್ತುವ ಕೆಲಸವಷ್ಟೆ. ಚಾಕುವಿಗೆ ಬೇಕಾದ ಎರಡು ಹಿಡಿತ ಅದಕ್ಕೆ ಬೇಡ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಮೀಸಲಾತಿ ಮತ್ತು ಹೆಚ್ಚಿನ ಸೌಲಭ್ಯಗಳಿಗೆ ಶೇ. 40ರಷ್ಟು ಊನವಿರಬೇಕು. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿಗೆ ನೆರವಾಗುತ್ತಾರೆ. ಮೊಣಕೈ ಕೆಳಗೆ ಕೈಯಿಲ್ಲದವರು ಶೇ. 40ರ ಮಿತಿ ದಾಟುತ್ತಾರೆ. ಒಂದು ಬೆರಳಷ್ಟೇ ಇಲ್ಲದವರು ದಾಟುವುದಿಲ್ಲ. ಪೆನ್ನಿನ ಪಟ್ಟಿಯನ್ನೋ ಸೈಕಲ್ಲಿನ ಬಟ್ಟಲನ್ನೋ ಕೊಡಲು ಶೇಕಡಾವಾರು ಲೆಕ್ಕ ಅಡ್ಡ ಬರಬಾರದು. ಅದನ್ನು ಶಾಲೆಯ ಹಂತದಲ್ಲೇ ಒದಗಿಸುವುದು ನ್ಯಾಯ.