ವಸತಿರಹಿತರಿಗೆ ಅನ್ನ ಮತ್ತು ಆಸರೆ: ಸ್ವಯಂಸೇವಕರು ತಿಳಿದಿರಬೇಕಾದ ವಿಷಯಗಳು

ಬಸ್ ನಿಲ್ದಾಣ, ರೈಲು ನಿಲ್ದಾಣ, ಮೇಲ್ಸೇತುವೆಯ ಕೆಳಗೆ, ಅಂಗಡಿ ಜಗಲಿಗಳ ಮೇಲೆ ರಾತ್ರಿ ಕಳೆಯುವವರನ್ನು ವಸತಿರಹಿತರು ಎನ್ನುತ್ತಾರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಇಂಥವರು ಸುಮಾರು 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು. ಇವರೆಲ್ಲರೂ ಭಿಕ್ಷುಕರಲ್ಲ. ಹಮಾಲಿ, ಗಾರೆ ಕೆಲಸ, ಚಿಂದಿ ಆಯುವ ಕೆಲಸ ಮಾಡಿ ಬದುಕುವವರಿದ್ದಾರೆ. ಮನೆಯವರು ಕೈಬಿಟ್ಟ ವೃದ್ಧರು, ಮಾನಸಿಕ ಅಸ್ವಸ್ಥರೂ ಇದ್ದಾರೆ.

ದಯಾದತ್ತಿ

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕು ಬಗೆಯ ದತ್ತಿಗಳನ್ನು ಹೇಳಲಾಗಿದೆ. ಪಾತ್ರದತ್ತಿಯಲ್ಲಿ ಪಡೆಯುವವರ ವ್ರತ, ಗುಣಗಳು ಮುಖ್ಯ. ದಯಾದತ್ತಿಗೆ ಎದುರಿಗಿರುವ ಜೀವದ ಕಷ್ಟವೊಂದೇ ಸಾಕು. ಆದ್ದರಿಂದ ಊಟ ಕೊಡುವಾಗ ಜಾತಿ, ಊರು, ಕುಡಿತದ ವಿಚಾರಣೆ ಸಲ್ಲದು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಮೊದಲ ಮೂರೂ ಬೀದಿಯಲ್ಲಿರುವವರಿಗೆ ಒಟ್ಟಿಗೇ ಬೇಕಾಗುತ್ತವೆ. ಆಹಾರ ಮಾತ್ರ ಕೊಟ್ಟರೆ ಸೇವೆ ಅರ್ಧವಾದಂತೆ.

ಊಟದ ವ್ಯವಸ್ಥೆ

ಮಹಾವೀರ ಜಯಂತಿಯಂದು 300 ಪೊಟ್ಟಣ ಹಂಚಿ ವರ್ಷವಿಡೀ ಸುಮ್ಮನಿರುವುದಕ್ಕಿಂತ, ಪ್ರತಿ ವಾರ ಒಂದೇ ದಿನ, ಒಂದೇ ವೇಳೆಗೆ 30 ಜನರಿಗೆ ಕೊಡುವುದು ಮೇಲು. ಜನರು ಆ ವೇಳೆಯನ್ನು ನಂಬಿಕೊಂಡು ಕಾಯುತ್ತಾರೆ. ಬರಲು ಆಗದಿದ್ದರೆ ಮುಂಚಿತವಾಗಿಯೇ ತಿಳಿಸಬೇಕು.

ಬೇಯಿಸಿದ ಅನ್ನವನ್ನು ಬಿಸಿ ಇರುವಾಗಲೇ ಹಂಚಬೇಕು. ಆರಿದ ಮೇಲೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಸೂರ್ಯಾಸ್ತದೊಳಗೆ ಹಂಚಿ ಮುಗಿಸುವ ತಂಡಗಳು, ಕೆಲಸದಿಂದ ತಡವಾಗಿ ಬರುವವರಿಗಾಗಿ ಚಪಾತಿ, ಚಟ್ನಿಪುಡಿ, ಬಾಳೆಹಣ್ಣು ಕಟ್ಟಿಕೊಡಬಹುದು. ಜೊತೆಗೆ ಶುದ್ಧ ನೀರು ಇರಲಿ. ಹಲವು ದಿನ ಊಟವಿಲ್ಲದೆ ನಿತ್ರಾಣರಾದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಕೊಡುವುದು ಅಪಾಯಕರ. ಸ್ವಲ್ಪ ತೆಳು ಗಂಜಿ ಕೊಟ್ಟು ವೈದ್ಯರಿಗೆ ತೋರಿಸಬೇಕು. ದೀರ್ಘ ಉಪವಾಸದ ಪಾರಣೆಯನ್ನು ಕಂಡ ಮನೆಗಳಿಗೆ ಈ ಎಚ್ಚರ ಹೊಸದಲ್ಲ. ಎಲೆ, ಎಂಜಲನ್ನು ಸ್ವಯಂಸೇವಕರೇ ತೆಗೆದು ಜಾಗ ಸ್ವಚ್ಛಗೊಳಿಸಬೇಕು.

ಆಸರೆ ಮತ್ತು ಚಿಕಿತ್ಸೆ

ಲಕ್ಷ ಜನಸಂಖ್ಯೆಗೆ ಕನಿಷ್ಠ ಒಂದು ಆಶ್ರಯ ಕೇಂದ್ರವಿರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ದೊಡ್ಡ ನಗರಗಳಿಗೆ ಸೂಚಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಇದಕ್ಕೆ ಪ್ರತ್ಯೇಕ ಯೋಜನೆ ಬಂತು. ತಮ್ಮ ಊರಿನ ಕೇಂದ್ರ ಎಲ್ಲಿದೆ, ಹೆಂಗಸರಿಗೆ ಜಾಗವಿದೆಯೇ ಎಂಬುದನ್ನು ಪಾಲಿಕೆ ಅಥವಾ ನಗರಸಭೆಯಲ್ಲಿ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ಗಂಡ ಹೆಂಡತಿ ಬೇರೆಯಾಗಬೇಕಾಗುತ್ತದೆ, ಗಂಟುಮೂಟೆ ಕಳೆದುಹೋಗುತ್ತದೆ ಎಂದು ಕೆಲವರು ಅಲ್ಲಿಗೆ ಹೋಗಲು ಹಿಂಜರಿಯುತ್ತಾರೆ. ಅಂಥವರನ್ನು ಬಲವಂತ ಮಾಡದೆ, ನಾಲ್ಕು ವಾರ ಮಾತನಾಡಿ ವಿಶ್ವಾಸ ಗಳಿಸಿ ಕರೆದೊಯ್ಯಬೇಕು. ಅಭಯದಾನವೆಂದರೆ ಇದೇ.

ಆಧಾರ್ ಕಳೆದುಕೊಂಡವರಿಗೆ ಪಡಿತರ, ಪಿಂಚಣಿ ಎರಡೂ ತಪ್ಪಿಹೋಗಬಹುದು. ಅದನ್ನು ಮರಳಿ ಮಾಡಿಸಿಕೊಡುವುದೂ ದೊಡ್ಡ ಸೇವೆಯೇ.

ತುರ್ತು ಸಂಖ್ಯೆಗಳು: ಆಂಬುಲೆನ್ಸ್ 108, ಪೊಲೀಸ್ 112, ಮಕ್ಕಳ ಸಹಾಯವಾಣಿ 1098, ಹಿರಿಯ ನಾಗರಿಕರ ಸಹಾಯವಾಣಿ 14567.

ನಡವಳಿಕೆ

ಅಜ್ಜ, ಅಮ್ಮ, ಅಣ್ಣ ಎಂದು ಮಾತನಾಡಿಸಿ, ಕುಳಿತಲ್ಲಿಗೇ ಹೋಗಿ ಎರಡೂ ಕೈಯಿಂದ ಕೊಡಬೇಕು. ಮಲಗಿದವರನ್ನು ಎಬ್ಬಿಸಬಾರದು. ತುತ್ತು ಎತ್ತುವವರ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಹಾಕಬಾರದು. ಅವರಿಗೂ ಊರಲ್ಲಿ ನೆಂಟರಿದ್ದಾರೆ, ಮಾನವಿದೆ. ಮಕ್ಕಳನ್ನು ಜೊತೆಗೆ ಕರೆದೊಯ್ಯುವವರು ಇಷ್ಟನ್ನು ಮನೆಯಲ್ಲೇ ಹೇಳಿಕೊಟ್ಟು ಹೊರಡುವುದು ಒಳ್ಳೆಯದು.